ಉತ್ತರಾಯಣದ ಬೆಳಗು ಮತ್ತು ಬೆಟ್ಟದ ಅಂಚು

ಸಂಕ್ರಾಂತಿ ಬಂದರೆ ಮೈಸೂರಿಗೆ ಸಂಭ್ರಮ. ದೇವರಾಜ ಮಾರುಕಟ್ಟೆಯಲ್ಲಿ ಕಬ್ಬಿನ ಜಲ್ಲೆ, ಅವರೆಕಾಯಿ, ಸಕ್ಕರೆ ಅಚ್ಚುಗಳ ರಾಶಿ ಬೀಳುತ್ತದೆ. ಹೆಣ್ಣುಮಕ್ಕಳು ಎಳ್ಳು ಬೀರಲು ಮನೆಯಿಂದ ಮನೆಗೆ ನಡೆಯುತ್ತಾರೆ. ಸಂಜೆ ಬೆಂಗಳೂರು ರಸ್ತೆಯ ಸಿದ್ಧಲಿಂಗಪುರದಲ್ಲಿ ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಲು ಜನ ನೆರೆಯುತ್ತಾರೆ. ಉತ್ತರಾಯಣ ಪುಣ್ಯಕಾಲ ಆರಂಭವಾಯಿತೆಂದು ಪಂಚಾಂಗ ಸಾರುತ್ತದೆ.

ಆದರೆ ಸೂರ್ಯನು ದಕ್ಷಿಣದ ಕಟ್ಟಕಡೆಯ ಎಲ್ಲೆಯನ್ನು ಮುಟ್ಟಿ ಉತ್ತರಕ್ಕೆ ಮುಖ ಮಾಡುವುದು ಅಂದಲ್ಲ. ಆ ಘಟನೆ ಅದಕ್ಕೆ ಮೂರು ವಾರಗಳಿಗೂ ಮೊದಲೇ, ಡಿಸೆಂಬರ್ 21 ಅಥವಾ 22ರಂದು ನಡೆದುಹೋಗಿರುತ್ತದೆ. ವರ್ಷದ ಅತ್ಯಂತ ಕಿರಿದಾದ ಹಗಲು ಅದೇ. ಮೈಸೂರಿನಲ್ಲಿ ಅಂದು ಹಗಲಿನ ಅವಧಿ ಸುಮಾರು 11 ಗಂಟೆ 24 ನಿಮಿಷ. ಜೂನ್ ತಿಂಗಳ ಅತಿ ದೀರ್ಘ ಹಗಲಿಗಿಂತ ಹೆಚ್ಚುಕಡಿಮೆ ಒಂದೂವರೆ ಗಂಟೆ ಕಡಿಮೆ. ಈ ದಿನಕ್ಕೆ ರಜೆಯಿಲ್ಲ, ಸಂತೆಯಿಲ್ಲ, ಜಾಹೀರಾತಿಲ್ಲ. ಬಹುಶಃ ಈ ಕಾರಣಕ್ಕಾಗಿಯೇ ಅದು ಒಬ್ಬೊಬ್ಬ ವ್ಯಕ್ತಿಯೂ ತನ್ನಷ್ಟಕ್ಕೆ ತಾನು, ನಸುಕಿನಲ್ಲಿ ಎದ್ದು ಆಚರಿಸಲು ಯೋಗ್ಯವಾದ ದಿನವಾಗಿ ಉಳಿದಿದೆ.

ಇಂತಹ ಆಚರಣೆ ಹೊಸದಾಗಿ ಹುಟ್ಟಬೇಕಾದುದೇನಲ್ಲ. ಡಿಸೆಂಬರ್ ನಡುಭಾಗದಲ್ಲಿ ತೊಡಗಿ ಸಂಕ್ರಾಂತಿಯವರೆಗೆ ನಡೆಯುವ ಧನುರ್ಮಾಸದ ವ್ರತದಲ್ಲಿ ಅದರ ಬೀಜವಿದೆ. ಸೂರ್ಯೋದಯಕ್ಕೆ ಮುನ್ನ ಏಳುವುದು, ಚಳಿಯಲ್ಲಿಯೇ ಸ್ನಾನ ಮುಗಿಸುವುದು, ಬೆಳಕು ಹರಿಯುವ ಮೊದಲೇ ಹೆಸರುಬೇಳೆಯ ಹುಗ್ಗಿಯನ್ನು ನೈವೇದ್ಯ ಮಾಡಿ ಬಿಸಿಬಿಸಿಯಾಗಿ ಹಂಚುವುದು: ಮೈಸೂರಿನ ಹಳೆಯ ಬಡಾವಣೆಗಳ ದೇವಾಲಯಗಳಲ್ಲಿಯೂ ಹಲವು ಮನೆಗಳಲ್ಲಿಯೂ ಇಂದಿಗೂ ಇದು ನಡೆಯುತ್ತಿದೆ. ಈ ತಿಂಗಳಲ್ಲಿ ಮದುವೆ, ಗೃಹಪ್ರವೇಶಗಳಿಲ್ಲ. ಇಡೀ ಮಾಸವನ್ನು ಬೆಳಗಿನ ಜಾವಕ್ಕೆಂದೇ ಮೀಸಲಿಟ್ಟಂತಿದೆ. ನಿಜವಾದ ಅಯನದ ದಿನ ಈ ವ್ರತದ ಐದಾರನೆಯ ಬೆಳಗಿನಲ್ಲಿಯೇ ಬಂದು ಹೋಗುತ್ತದೆ. ವ್ರತಸ್ಥರಲ್ಲಿ ಬಹುಮಂದಿ ಅದನ್ನು ಗುರುತಿಸುವುದಿಲ್ಲ, ಅಷ್ಟೆ.

ಸಂಕ್ರಾಂತಿ ಅಯನದಿಂದ ಹೀಗೆ ದೂರ ಸರಿದುದೇಕೆ? ಭೂಮಿಯ ಅಕ್ಷವು ತಿರುಗುವ ಬುಗುರಿಯ ತಲೆಯಂತೆ ಬಹು ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ನಕ್ಷತ್ರಗಳನ್ನು ಆಧರಿಸಿದ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ಇದರಿಂದಾಗಿ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ ಉತ್ತರಾಯಣವೂ ಒಂದೇ ದಿನ ಕೂಡಿಬರುತ್ತಿದ್ದವು. 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗವು ಋತುಗಳನ್ನೇ ಆಧಾರವಾಗಿಟ್ಟುಕೊಂಡು ಪೌಷ ಮಾಸವನ್ನು ಡಿಸೆಂಬರ್ 22ರಂದು ಆರಂಭಿಸಿತು. ಅದು ಸರ್ಕಾರಿ ಪತ್ರಗಳ ಮೇಲ್ತುದಿಯಲ್ಲಿ ಉಳಿಯಿತೇ ಹೊರತು ಅಡುಗೆಮನೆಯವರೆಗೆ ಬರಲಿಲ್ಲ. ಹಾಗೆಂದು ಸಂಕ್ರಾಂತಿಯನ್ನು ಹಿಂದಕ್ಕೆಳೆಯಬೇಕೆಂದು ವಾದಿಸುವುದು ವ್ಯರ್ಥ. ಅದು ಸುಗ್ಗಿಯ ಹಬ್ಬ, ಊರಿನ ಹಬ್ಬ, ದನಕರುಗಳ ಹಬ್ಬ. ಕಣದಲ್ಲಿ ಕಾಳು ಬಿದ್ದಾಗ ಅದು ಬರಲಿ. ಅಯನದ ಬೆಳಗು ಬೇರೆಯೇ ಆಗಿರಲಿ.

ಆ ಬೆಳಗನ್ನು ಗುರುತಿಸುವುದು ಹೇಗೆ ಎಂಬಲ್ಲಿ ಒಂದು ಸ್ವಾರಸ್ಯವಿದೆ. ಗಡಿಯಾರವನ್ನು ನಂಬಿದವರು ಇಲ್ಲಿ ಮೋಸಹೋಗುತ್ತಾರೆ. ಅಯನದ ದಿನ ಮೈಸೂರಿನಲ್ಲಿ ಸೂರ್ಯ ಮೂಡುವುದು ಸುಮಾರು 6 ಗಂಟೆ 40 ನಿಮಿಷಕ್ಕೆ. ಮರುದಿನದಿಂದ ಅವನು ಬೇಗ ಬೇಗ ಏಳಬೇಕೆಂದು ನಿರೀಕ್ಷಿಸಿದರೆ ಹಾಗಾಗುವುದಿಲ್ಲ. ಜನವರಿಯ ಕೊನೆಯ ವಾರದವರೆಗೂ ಸೂರ್ಯೋದಯ ತಡವಾಗುತ್ತಲೇ ಹೋಗಿ 6 ಗಂಟೆ 50 ನಿಮಿಷದ ಸಮೀಪಕ್ಕೆ ಬರುತ್ತದೆ. ಹಗಲು ಬೆಳೆಯುವುದು ಸಂಜೆಯ ಕಡೆಯಿಂದ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದು ಮತ್ತು ಅಕ್ಷ ಓರೆಯಾಗಿರುವುದು ಇದಕ್ಕೆ ಕಾರಣ. ಸಂಕ್ರಾಂತಿ ಕಳೆದರೂ ಬೆಳಗಿನ ಕತ್ತಲು ಹೋಗಲೇ ಇಲ್ಲವೆಂದು ಶಾಲೆಗೆ ಹೊರಟ ಮಕ್ಕಳು ಗೊಣಗಿದರೆ ಅವರ ಮಾತು ಸರಿಯಾಗಿಯೇ ಇದೆ.

ಗಡಿಯಾರ ಹೇಳದ ಸತ್ಯವನ್ನು ದಿಗಂತ ಹೇಳುತ್ತದೆ. ಸೂರ್ಯ ಎಷ್ಟು ಹೊತ್ತಿಗೆ ಮೂಡಿದ ಎಂಬುದಲ್ಲ, ಎಲ್ಲಿಂದ ಮೂಡಿದ ಎಂಬುದೇ ಸಾಕ್ಷ್ಯ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಇದನ್ನೇ ಹೇಳಿದ್ದಾನೆ. ಪೂರ್ವಕಾಲದ ಶಾಸ್ತ್ರಗಳು ಹೇಳುವ ನಕ್ಷತ್ರದಲ್ಲಿ ಈಗ ಅಯನ ಆಗುತ್ತಿಲ್ಲವೆಂದು ಗುರುತಿಸಿ, ಸಂದೇಹವಿದ್ದರೆ ಉದಯಾಸ್ತಗಳಲ್ಲಿ ದೂರದ ಗುರುತೊಂದಕ್ಕೆ ಸರಿಯಾಗಿ ಸೂರ್ಯನನ್ನು ಗಮನಿಸಬೇಕು, ಇಲ್ಲವೇ ದೊಡ್ಡ ವೃತ್ತವೊಂದರಲ್ಲಿ ನೆರಳು ಪ್ರವೇಶಿಸಿ ನಿರ್ಗಮಿಸುವ ಸ್ಥಾನಗಳನ್ನು ಗುರುತುಮಾಡಬೇಕು ಎಂಬುದು ಅವನ ಸೂಚನೆ. ಗ್ರಂಥಕ್ಕಿಂತ ಕಣ್ಣು ದೊಡ್ಡದೆಂದು ಗ್ರಂಥಕಾರನೇ ಒಪ್ಪಿದ ಅಪರೂಪದ ಸಂದರ್ಭವಿದು.

ಮೈಸೂರಿನಲ್ಲಿ ಆ ದೂರದ ಗುರುತು ಯಾವುದೆಂದು ಯಾರೂ ಹುಡುಕಬೇಕಾಗಿಲ್ಲ. ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ಅಂಚಿನಲ್ಲಿ ನಿಂತು ನೀರಿನಾಚೆಗೆ ದೃಷ್ಟಿ ಹರಿಸಿದರೆ ಚಾಮುಂಡಿ ಬೆಟ್ಟ ಇರುವುದು ಆಗ್ನೇಯ ದಿಕ್ಕಿನಲ್ಲಿ. ಜೂನ್‌ನಲ್ಲಿ ಸೂರ್ಯ ಅದರಿಂದ ಬಹುದೂರ, ಈಶಾನ್ಯದ ಕಡೆಗೆ ಮೂಡುತ್ತಾನೆ. ಅಲ್ಲಿಂದ ದಿನದಿನಕ್ಕೂ ಬಲಕ್ಕೆ ಸರಿಯುತ್ತ ಬೆಟ್ಟದತ್ತ ಪಯಣಿಸುತ್ತಾನೆ. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲದಿಂದ ಅಳೆದರೆ ಈ ಆರು ತಿಂಗಳ ಪಯಣ ಸುಮಾರು ಐದು ಮುಷ್ಟಿಯಷ್ಟು. ಡಿಸೆಂಬರ್‌ನಲ್ಲಿ ಬೆಟ್ಟಕ್ಕೆ ಅತ್ಯಂತ ಸಮೀಪ ಬರುತ್ತಾನೆ, ಆದರೆ ಶಿಖರವನ್ನು ತಲುಪುವ ಮೊದಲೇ ನಿಲ್ಲುತ್ತಾನೆ. ಅಯನಕ್ಕೆ ಮೊದಲು ಹತ್ತು ದಿನ, ಅನಂತರ ಹತ್ತು ದಿನ ಅವನು ಕದಲುವುದು ತನ್ನ ಬಿಂಬದ ಅಗಲಕ್ಕಿಂತಲೂ ಕಡಿಮೆ. ಬಳಿಕ ಎಡಕ್ಕೆ ಹೊರಳುತ್ತಾನೆ. ಪ್ರತಿವರ್ಷ ನಡೆಯುವ ಈ ಬಂದುಹೋಗುವಿಕೆಯನ್ನು ಒಮ್ಮೆ ಕಂಡವರಿಗೆ ಉತ್ತರಾಯಣ ಎಂಬ ಶಬ್ದ ಪಂಚಾಂಗದ ಶಬ್ದವಾಗಿ ಉಳಿಯುವುದಿಲ್ಲ.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣಗೊಂಡ ಈ ಕೆರೆಯ ದಂಡೆಯಲ್ಲಿ ವಿಹರಿಸುತ್ತಿದ್ದವರಲ್ಲಿ ಮಲೆನಾಡಿನ ಮಗನೊಬ್ಬನಿದ್ದುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. 1904ರ ಡಿಸೆಂಬರ್ 29ರಂದು, ಅಂದರೆ ಅಯನ ಕಳೆದ ಒಂದೇ ವಾರಕ್ಕೆ ಹುಟ್ಟಿದ ಕುವೆಂಪು ಮಲೆಯ ಸೂರ್ಯೋದಯಗಳನ್ನು ಮೈಸೂರಿಗೆ ಹೊತ್ತು ತಂದರು. ಅವರ ಮನೆಯ ಹೆಸರೇ ಉದಯರವಿ. ಕುಲಪತಿಯಾಗಿ ಕೆರೆಯ ಪಕ್ಕದಲ್ಲಿ ವಿಶ್ವವಿದ್ಯಾನಿಲಯದ ಆವರಣವನ್ನು ರೂಪಿಸಿ ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಸೂರ್ಯೋದಯ ಅವರಿಗೆ ಮಂತ್ರ ಬೇಡದ ಪೂಜೆಯಾಗಿತ್ತು ಎಂಬುದಕ್ಕೆ ಅವರ ಕಾವ್ಯರಾಶಿಯೇ ಸಾಕ್ಷಿ. ಕೆರೆ ತುಂಬಿದ್ದುದರಿಂದ, ನೀರಿನಾಚೆ ಆಕಾಶ ತೆರೆದಿದ್ದುದರಿಂದ ಅದು ಸಾಧ್ಯವಾಯಿತು ಎಂಬ ಸರಳ ಸಂಗತಿಯನ್ನು ಸಾಹಿತ್ಯ ವಿಮರ್ಶೆ ಸಾಕಷ್ಟು ಗಮನಿಸಿದಂತಿಲ್ಲ.

ಆಚರಣೆಗೆ ಬೇಕಾದ ಸಾಮಗ್ರಿ ಅತ್ಯಲ್ಪ. ಡಿಸೆಂಬರ್ 10ರ ಸುಮಾರಿಗೆ ಒಂದು ಸ್ಥಳವನ್ನು ಆರಿಸಿಕೊಳ್ಳಬೇಕು. ಪ್ರತಿದಿನವೂ ಅದೇ ಕಲ್ಲಿನ ಮೇಲೆ, ಅದೇ ಮೆಟ್ಟಿಲ ಮೇಲೆ ನಿಲ್ಲಬೇಕು. ಅಲ್ಲಿಗೆ ನಡೆದೇ ಹೋಗಬೇಕು. ವಾಹನ ಏರಿ ಸೂರ್ಯನನ್ನು ನೋಡಲು ಹೋಗುವುದು ಉಪವಾಸದ ದಿನ ಹೋಟೆಲಿಗೆ ಹೋದಂತೆ. ಬಿಂಬದ ಮೊದಲ ಕಿರಣ ಕಾಣಿಸಿದ ಕ್ಷಣದಲ್ಲಿಯೇ ಎದುರಿನ ಮರ, ಗೋಪುರ ಅಥವಾ ಬೆಟ್ಟದ ತಗ್ಗನ್ನು ಗುರುತಿಸಿಕೊಂಡು ದೃಷ್ಟಿ ತಗ್ಗಿಸಬೇಕು. ಮೇಲೆದ್ದ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸುವುದು ಅಪಾಯ. ನಂಬಿಕೆಯುಳ್ಳವರು ಒಂದು ಬೊಗಸೆ ಅರ್ಘ್ಯ ಬಿಡಬಹುದು, ಇಲ್ಲದವರು ಸುಮ್ಮನೆ ನಿಂತಿರಬಹುದು. ಮನೆಗೆ ಬಂದು ದಿಗಂತದ ರೇಖಾಚಿತ್ರದಲ್ಲಿ ಆ ದಿನದ ಸ್ಥಾನವನ್ನು ಗುರುತು ಮಾಡಿ ಮೆಣಸು ಹಾಕಿದ ಬಿಸಿ ಹುಗ್ಗಿ ತಿಂದರೆ ವ್ರತ ಮುಗಿಯಿತು. ಮೋಡ ಕವಿದ ದಿನಗಳಿಗೆ ಬದಲಿ ವ್ಯವಸ್ಥೆಯೂ ಉಂಟು. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೇರವಾಗಿ ನೆಟ್ಟರೆ ಅಯನದ ದಿನ ಮಧ್ಯಾಹ್ನ 12 ಗಂಟೆ 22 ನಿಮಿಷದ ಆಸುಪಾಸಿನಲ್ಲಿ ಅದರ ನೆರಳು ನೇರ ಉತ್ತರಕ್ಕೆ ಸುಮಾರು 72 ಸೆಂಟಿಮೀಟರ್ ಬೀಳುತ್ತದೆ. ವರ್ಷದಲ್ಲಿ ಅದಕ್ಕಿಂತ ಉದ್ದನೆಯ ನಡುಹಗಲ ನೆರಳಿಲ್ಲ.

ಒಬ್ಬಿಬ್ಬರು ಬೆಳಿಗ್ಗೆ ಎದ್ದು ಸೂರ್ಯನನ್ನು ನೋಡಿದ ಮಾತ್ರಕ್ಕೆ ಪರಿಸರ ಉಳಿದೀತೆ ಎಂದು ಚಳವಳಿಯ ಗೆಳೆಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇಪ್ಪತ್ತು ಬೆಳಗು ಒಂದೇ ದಿಗಂತವನ್ನು ನೋಡಿದವನಿಗೆ ಆ ದಿಗಂತದಲ್ಲಿ ಏನು ಬದಲಾಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಮೇಲಿನ ಒತ್ತಡ ಎಲ್ಲರಿಗೂ ತಿಳಿದಿದೆ. 2021ರ ಅಕ್ಟೋಬರ್ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿಯಿತು. ಮರುವರ್ಷದ ರಾಜ್ಯ ಆಯವ್ಯಯದಲ್ಲಿ ಅದೇ ಬೆಟ್ಟಕ್ಕೆ ರೋಪ್‌ವೇ ಘೋಷಣೆಯಾಯಿತು. ನಾಗರಿಕರ ವಿರೋಧದ ಬಳಿಕ ಆ ಯೋಜನೆಯನ್ನು ಕೈಬಿಡುವುದಾಗಿ ಸರ್ಕಾರ ಹೇಳಿತು. ಶತಮಾನಗಳ ಹಿಂದೆಯೇ ಸಾವಿರ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿರುವ ಬೆಟ್ಟಕ್ಕೆ ಇನ್ನೂ ಒಂದು ದಾರಿ ಬೇಕೆಂದು ತೋರುವುದೇ ಆಶ್ಚರ್ಯ. ಇಂತಹ ಯೋಜನೆಗಳ ಕುರಿತು ಸಲ್ಲುವ ಆಕ್ಷೇಪಣೆಗಳಲ್ಲಿ ಮರಗಳ ಲೆಕ್ಕವಿರುತ್ತದೆ, ನೀರಿನ ಹರಿವಿನ ಲೆಕ್ಕವಿರುತ್ತದೆ. ಬೆಟ್ಟದ ಅಂಚು ಆಕಾಶಕ್ಕೆ ತಾಗುವ ಗೆರೆಯ ಬಗೆಗೆ ಮಾತು ವಿರಳ. ಆ ಗೆರೆಯನ್ನು ತಮ್ಮದೆಂದು ಹೇಳಿಕೊಳ್ಳುವವರು ಇಲ್ಲದಿರುವುದೇ ಕಾರಣ.

ನಗರದಲ್ಲಿ ದಿಗಂತವನ್ನು ಕಟ್ಟಡಗಳು ಮುಚ್ಚುತ್ತವೆ. ಮಲೆನಾಡಿನಲ್ಲಿ ಆಗುವುದು ಬೇರೆ; ಅಲ್ಲಿ ದಿಗಂತವೇ ಕರಗುತ್ತದೆ. ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಕಾಡು ಮರಳಿ ಬೆಳೆಯಬಹುದು, ಹೊಳೆ ತಿಳಿಯಾಗಬಹುದು. ಕಡಿದುಹೋದ ಗುಡ್ಡದ ಮೈ ಮರಳಿ ಬೆಳೆಯುವುದಿಲ್ಲ. ಕಲ್ಲಿನ ಕ್ವಾರಿಗೆ ನೆತ್ತಿಯನ್ನು ಕಳೆದುಕೊಂಡ ಸಣ್ಣ ಗುಡ್ಡಗಳ ಗತಿಯೂ ಇದೇ. ಅವುಗಳಿಗೆ ನ್ಯಾಯಾಲಯದವರೆಗೆ ಹೋಗುವ ಭಾಗ್ಯವೂ ಇಲ್ಲ. ಮೈಸೂರಿನವರು ಒಂದು ಬೆಟ್ಟವನ್ನು ನೆಚ್ಚಿಕೊಂಡಿದ್ದರೆ ಮಲೆಯ ಹಳ್ಳಿಗಳಿಗೆ ಸಾಲುಸಾಲು ಶಿಖರಗಳಿವೆ. ಚಳಿಗಾಲದಲ್ಲಿ ಬಿಸಿಲು ಯಾವ ಸಂದಿನಿಂದ ಅಂಗಳಕ್ಕೆ ಇಳಿಯುತ್ತದೆ, ಅಡಕೆ ಹರಡುವ ಚಪ್ಪರಕ್ಕೆ ಎಷ್ಟು ಹೊತ್ತಿಗೆ ತಾಗುತ್ತದೆ ಎಂಬುದನ್ನು ಅಲ್ಲಿನ ಹಿರಿಯರು ಬಾಯಲ್ಲೇ ಹೇಳಬಲ್ಲರು. ಅದನ್ನು ಬರೆದಿಟ್ಟವರು ಮಾತ್ರ ಕಡಿಮೆ.

ಬರೆದಿಡಲು ಸ್ಥಳವೊಂದಿದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದರಲ್ಲಿ ಗಿಡ, ಮೀನು, ತಳಿಗಳ ಜೊತೆಗೆ ಊರಿನ ಭೂದೃಶ್ಯದ ವಿವರಕ್ಕೂ ಅವಕಾಶವಿದೆ. ಪ್ರೌಢಶಾಲೆಯ ಅಥವಾ ಕಾಲೇಜಿನ ಐದಾರು ವಿದ್ಯಾರ್ಥಿಗಳು ಈ ಡಿಸೆಂಬರ್‌ನಲ್ಲಿ ತಮ್ಮೂರಿನ ಪೂರ್ವದ ಅಂಚನ್ನು ಉದ್ದನೆಯ ಕಾಗದದ ಮೇಲೆ ಬರೆದು, ಪ್ರತಿ ಶಿಖರಕ್ಕೂ ಊರವರು ಕರೆಯುವ ಹೆಸರನ್ನು ಕೇಳಿ ನಮೂದಿಸಿ, ಸೂರ್ಯ ನಿಂತು ತಿರುಗಿದ ಸ್ಥಾನಕ್ಕೆ ತಾರೀಖು ಹಾಕಿ ಪಂಚಾಯಿತಿಗೆ ಒಪ್ಪಿಸಬಹುದು. ಸ್ವೀಕೃತಿ ಪತ್ರ ಪಡೆಯುವುದನ್ನು ಮರೆಯಬಾರದು.