ಇಪ್ಪತ್ತೆಂಟು ಕಾಲಿನ ಚಿಪ್ಪು, ಬೋರ್‌ವೆಲ್ ಲೆಕ್ಕ

ಚಿಕ್ಕಪ್ಪ ಅಮೆರಿಕದಿಂದ ಚನ್ನಗಿರಿಗೆ ವಾಪಸ್ ಬಂದಾಗ ತಂದ ಸಾಮಾನಿನಲ್ಲಿ ಒಂದು ಟ್ಯಾಂಡಿ ಮಾಡೆಲ್ 100 ಕಂಪ್ಯೂಟರ್ ಇತ್ತು. 1983ರ ಯಂತ್ರ, ಜಪಾನಿನ ಕ್ಯೋಸೆರಾ ತಯಾರಿಸಿದ್ದು. ಸಾಲಿಗೆ 40 ಅಕ್ಷರದಂತೆ 8 ಸಾಲಿನ ಪರದೆ. ನಾಲ್ಕು ಪೆನ್ ಸೆಲ್ ಹಾಕಿದರೆ ಸುಮಾರು 20 ಗಂಟೆ ಓಡುತ್ತದೆ. ನನ್ನ ಆಫೀಸಿನ ಲ್ಯಾಪ್‌ಟಾಪ್ ಅದರ ಅರ್ಧವೂ ಓಡಲ್ಲ, ಬಿಡಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅದನ್ನ ಅಟ್ಟದಿಂದ ಇಳಿಸಿ ನನ್ನ ಮುಂದೆ ಇಟ್ಟರು. "ಇದರೊಳಗೆ ಬೋರ್‌ವೆಲ್ ಲೆಕ್ಕ ಐತೆ. ತೆಗೆದುಕೊಡು" ಅಂದರು. ಅಪ್ಪ ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು. ಅಡಿಕೆ ತೋಟ ಪಾಲಾಗುವ ಮುಂಚೆ ಬೋರ್‌ವೆಲ್‌ಗೆ ಯಾರು ಎಷ್ಟು ಕೊಟ್ಟರು ಅನ್ನೋದು ನಮ್ಮ ಮನೆಯಲ್ಲಿ ಮೂವತ್ತು ವರ್ಷದ ಜಗಳ.

ಯಂತ್ರ ಆನ್ ಆಗಲಿಲ್ಲ. ಒಳಗಿದ್ದ ಪುಟ್ಟ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ಬೋರ್ಡಿನ ಗೆರೆಗಳನ್ನೇ ತಿಂದಿತ್ತು. ತಳದ ಮುಚ್ಚಳ ತೆಗೆದರೆ ತೊಟ್ಟಿಲಿನಂಥ ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ಚಿಪ್ಪು ಮಲಗಿತ್ತು. ಮೇಲಿನ ಲೇಬಲ್ ಅಳಿಸಿಹೋಗಿದೆ. "ಇದೇ, ಇದರಲ್ಲೇ ಇಟ್ಟಿದ್ದು" ಅಂದರು ಚಿಕ್ಕಪ್ಪ.

ಇದು ಆಪ್ಷನ್ ರಾಮ್, ಅಂದರೆ ಆರ್‌ಒಎಂ. ಕಾಲು 28. ಅಂಗಡಿಯಲ್ಲಿ ಸಿಗುವ 27ಸಿ256 ಇಪ್ರಾಮ್‌ಗೂ 28 ಕಾಲೇ, ಎರಡೂ 32 ಕೆಬಿ. ಆದರೆ ಅಡ್ರೆಸ್, ಡೇಟಾ ಕಾಲುಗಳ ಕ್ರಮವೇ ಬೇರೆ. ಪ್ರೋಗ್ರಾಮರ್‌ಗೆ ನೇರ ಚುಚ್ಚಿದರೆ ಕಸ ಬರುತ್ತೆ, ಚಿಪ್ಪೂ ಸುಟ್ಟೀತು. ನಡುವೆ ಅಡಾಪ್ಟರ್ ಬೇಕೇ ಬೇಕು. ಬೆಂಗಳೂರಿಗೆ ಒಯ್ದು, ಸರ್ವಿಸ್ ಮ್ಯಾನ್ಯುಯಲ್‌ನ ನಕ್ಷೆ ನೋಡಿಕೊಂಡು ತೂತಿನ ಬೋರ್ಡಿನ ಮೇಲೆ ಒಂದೊಂದೇ ತಂತಿ ಬೆಸೆದೆ. ಮೊದಲ ಸಲ ಅಕ್ಷರಗಳೇನೋ ಬಂದವು, ಆದರೆ ಪ್ರತಿ ನಾಲ್ಕರಲ್ಲಿ ನಡುವಿನೆರಡು ಜಾಗ ಬದಲಿಸಿಕೊಂಡಿದ್ದವು. 0 ಮತ್ತು 1ನೇ ಅಡ್ರೆಸ್ ತಂತಿ ಅದಲುಬದಲು ಮಾಡಿದ್ದೆ. ಎರಡು ಭಾನುವಾರ ಇದಕ್ಕೇ ಹೋಯ್ತು.

ಸರಿಮಾಡಿದ ಮೇಲೆ 32 ಕೆಬಿಯೂ ಓದಿದೆ. ಅದರಲ್ಲಿದ್ದದ್ದು ಲ್ಯೂಸಿಡ್ ಎಂಬ ಲೆಕ್ಕದ ಹಾಳೆಯ ಸಾಫ್ಟ್‌ವೇರ್, ಅಷ್ಟೇ. ಇಂಥ ಚಿಪ್ಪಿಗೆ ನಾವು ಟೈಪ್ ಮಾಡಿದ್ದು ಹೋಗುವುದೇ ಇಲ್ಲ. ಚಿಕ್ಕಪ್ಪ ಬರೆದ ಅಂಕಿಗಳು ಇದ್ದದ್ದು ಇನ್ನೊಂದು ಮೆಮೊರಿಯಲ್ಲಿ. ಅದನ್ನು ಜೀವಂತ ಇಟ್ಟಿದ್ದದ್ದು ಆ ಸೋರಿದ ಬ್ಯಾಟರಿ. ಯಾವ ವರ್ಷ ಅಳಿಸಿತೋ, ಯಾರಿಗೆ ಗೊತ್ತು?

ಫೋನಲ್ಲಿ ಹೇಳೋಕೆ ಮನಸ್ಸಾಗಲಿಲ್ಲ. ಬೋರ್ಡಿನ ಗೆರೆಗಳಿಗೆ ತಂತಿ ಹಾಕಿ, ಹೊಸ ಬ್ಯಾಟರಿ ಕೂರಿಸಿ, ಸಂಕ್ರಾಂತಿಗೆ ಊರಿಗೆ ತಂದೆ. ಬೇಸಿಕ್‌ನಲ್ಲಿ 'ಕಾಲ್ 63012' ಅಂತ ಹೊಡೆದರೆ ಯಂತ್ರ ತನ್ನ ರಾಮ್ ಬದಿಗಿಟ್ಟು, ಅದೇ ವಿಳಾಸದಲ್ಲಿ ಆಪ್ಷನ್ ರಾಮ್ ಎದುರಿಗೆ ತರುತ್ತದೆ. ಲ್ಯೂಸಿಡ್ ತೆರೆಯಿತು. ಖಾಲಿ ಹಾಳೆ.

ವಿಷಯ ಹೇಳಿದೆ. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಕನ್ನಡಕ ಒರೆಸಿ, ಒಂದೇ ಬೆರಳಲ್ಲಿ ಟೈಪ್ ಮಾಡೋಕೆ ಶುರುಮಾಡಿದರು. ಡ್ರಿಲ್ಲಿಂಗ್, ಪೈಪ್, ಮೋಟರ್. ಅಪ್ಪ ಎದ್ದು ಬಂದು ಹಿಂದೆ ನಿಂತರು.

"ಮೋಟರ್‌ಗೆ ಅಷ್ಟಾಗಿರಲಿಲ್ಲ ಕಣೋ."

"ಹಂಗಾದ್ರೆ ಎಷ್ಟು, ನೀನೇ ಹೇಳು" ಅಂದರು ಚಿಕ್ಕಪ್ಪ, ಪಕ್ಕಕ್ಕೆ ಸರಿದು ಜಾಗ ಕೊಟ್ಟು.