ಕೊಂಡಿ ಕಳಚದಿರಲಿ

ಕಳೆದ ವರ್ಷ ನಮ್ಮ ತರಗತಿಯ ಕಂಪ್ಯೂಟರ್ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಗ್ರಂಥಾಲಯಕ್ಕಾಗಿ ಪೈಥಾನ್ ಭಾಷೆಯಲ್ಲಿ ಒಂದು ತಂತ್ರಾಂಶ ಬರೆದೆವು. ಜೊತೆಗೊಂದು ಕೈಪಿಡಿಯನ್ನೂ ಸಿದ್ಧಪಡಿಸಿದೆವು. ಅದರಲ್ಲಿ "ಬ್ಯಾಕಪ್ ಮಾಡುವ ಕ್ರಮಕ್ಕೆ 14ನೇ ಪುಟ ನೋಡಿ" ಎಂದು ಬರೆದಿದ್ದೆವು. ಆಮೇಲೆ ನಡುವೆ ಎರಡು ಅಧ್ಯಾಯಗಳನ್ನು ಸೇರಿಸಿದೆವು. ಈ ವರ್ಷ ಕಿರಿಯ ತರಗತಿಯವರು 14ನೇ ಪುಟ ತೆರೆದಾಗ ಅಲ್ಲಿದ್ದುದು ಬೇರೆಯೇ ವಿಷಯ! ಬ್ಯಾಕಪ್ ಮಾಡಲು ತಿಳಿಯದೆ ಅವರು ಒಂದು ವಾರದ ಲೆಕ್ಕ ಕಳೆದುಕೊಂಡರು. ತಪ್ಪು ಅವರದಲ್ಲ, ನಮ್ಮದು.

ಈ ಊರಿನಲ್ಲಿ ನಾವೆಲ್ಲ ಆಗಾಗ ಬಾಡಿಗೆ ಮನೆ ಬದಲಿಸುವವರು. "ಮೂರನೇ ಮಹಡಿ, ಎಡಗಡೆಯ ಬಾಗಿಲು" ಎಂದಷ್ಟೇ ನೆನಪಿಟ್ಟು ಬಂದ ನೆಂಟರಿಗೆ ಬೇರೆ ಯಾರೋ ಬಾಗಿಲು ತೆರೆಯುತ್ತಾರೆ. ಅಪ್ಪನ ಹೆಸರು ಹೇಳಿ ಕೇಳಿದರೆ ವಾಚ್‌ಮನ್ ಹೊಸ ಮನೆ ತೋರಿಸುತ್ತಾನೆ. ಕೈಪಿಡಿಯ ಕೊಂಡಿಯೂ ಹಾಗೆಯೇ ಜಾಗವನ್ನಲ್ಲ, ಹೆಸರನ್ನು ಹಿಡಿಯಬೇಕು ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಉಚಿತ ಸಾಧನವೊಂದಿದೆ. ಪೈಥಾನ್ ಭಾಷೆಯ ಕೈಪಿಡಿಗಾಗಿ ಗೇಯೋರ್ಗ್ ಬ್ರಾಂಡ್ಲ್ ರೂಪಿಸಿದ 'ಸ್ಫಿಂಕ್ಸ್' 2008ರಲ್ಲಿ ಬಿಡುಗಡೆಯಾಯಿತು. ಇದರಲ್ಲಿ ಶೀರ್ಷಿಕೆಯ ಮೇಲೆ ಒಂದು ಲೇಬಲ್ ಬರೆದರೆ ಸಾಕು. ಬೇರೆ ಕಡೆಯಿಂದ ಆ ಹೆಸರನ್ನು ಸೂಚಿಸಿದಾಗ ಕೊಂಡಿ ತಾನಾಗಿ ಮೂಡುತ್ತದೆ. ಅಧ್ಯಾಯ ಸ್ಥಳ ಬದಲಿಸಿದರೂ ಕೈಪಿಡಿಯನ್ನು ಮತ್ತೊಮ್ಮೆ ಬಿಲ್ಡ್ ಮಾಡಿದಾಗ ಕೊಂಡಿ ಸರಿಹೋಗುತ್ತದೆ. ಲೇಬಲ್ಲೇ ಅಳಿಸಿಹೋಗಿದ್ದರೆ ಎಚ್ಚರಿಕೆಯ ಸಂದೇಶ ಬರುತ್ತದೆ.

ಬೇರೆಯವರ ಕೈಪಿಡಿಗೂ ಹೀಗೆ ಕೊಂಡಿ ಹಾಕಬಹುದು. ಸ್ಫಿಂಕ್ಸ್‌ನಲ್ಲಿ ತಯಾರಾದ ವೆಬ್ ಕೈಪಿಡಿ ತನ್ನಲ್ಲಿರುವ ಹೆಸರುಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಇಟ್ಟಿರುತ್ತದೆ. 'ಇಂಟರ್‌ಸ್ಫಿಂಕ್ಸ್' ಎಂಬ ಸೌಲಭ್ಯ ಆ ಪಟ್ಟಿಯನ್ನು ಓದಿ ಸರಿಯಾದ ಪುಟಕ್ಕೆ ದಾರಿ ಮಾಡುತ್ತದೆ. ಇದು ತಿಳಿಯದೆ ನಾವು ಪೈಥಾನ್ ಕೈಪಿಡಿಯ ಮೂರು ಪುಟಗಳನ್ನು ನಕಲು ಮಾಡಿದ್ದೆವು. ಮೂಲ ತಿದ್ದುಪಡಿಯಾದರೂ ನಕಲು ಹಳೆಯದಾಗಿಯೇ ಉಳಿಯುತ್ತದೆ.

"ಬೇಕಾದ್ದನ್ನು ಹುಡುಕಿಕೊಂಡರಾಯಿತು, ಇಷ್ಟೆಲ್ಲ ಶ್ರಮ ಏಕೆ?" ಎಂದು ಕೆಲವು ಗೆಳೆಯರು ಕೇಳುತ್ತಾರೆ. ಹುಡುಕಲು ಏನನ್ನು ಹುಡುಕಬೇಕೆಂದು ಗೊತ್ತಿರಬೇಕು. ಹೊಸಬರಿಗೆ ಗೊತ್ತಿಲ್ಲದಿರುವುದೇ ಅದು!

ನಾವು ಈ ವರ್ಷ ಶಾಲೆ ಬಿಟ್ಟು ಹೋಗುವವರು. ಪ್ರಶ್ನೆ ಕೇಳಲು ನಾವು ಇಲ್ಲಿರುವುದಿಲ್ಲ, ಕೈಪಿಡಿ ಇರುತ್ತದೆ. ಆದ್ದರಿಂದ ಹೊರಡುವ ಮುನ್ನ ಒಂದೊಂದೇ ಕೊಂಡಿಯನ್ನು ಸರಿಪಡಿಸುತ್ತಿದ್ದೇವೆ. ಕಿರಿಯ ಗೆಳೆಯರೇ, ಮುಂದೆ ನೀವು ಬರೆಯುವಾಗಲೂ ನಿಮ್ಮ ನಂತರ ಬರುವವರನ್ನು ನೆನೆಯಿರಿ.