ಎತ್ತಿಲ್ಲದ ಇತಿಹಾಸ

ಶ್ರೀರಂಗಪಟ್ಟಣವು ಏಕೆ ಬಿದ್ದಿತೆಂದು ನಮ್ಮ ಜಿಲ್ಲೆಯ ಯಾವ ಶಾಲೆಯ ಬಾಲಕನನ್ನಾದರೂ ಕೇಳಿ ನೋಡಿರಿ. ಮೀರ್ ಸಾದಿಕನ ದ್ರೋಹದಿಂದ ಎಂಬ ಉತ್ತರವು ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ ಬರುವುದು. ಬಾಲಕನ ತಂದೆಯನ್ನು ಕೇಳಿದರೂ ಅದೇ ಉತ್ತರ. ತಾತನಾದರೆ ಅದರ ಮೇಲೆ ಕಂಪೆನಿ ನಾಟಕದ ಒಂದು ಮಾತನ್ನೂ ಸೇರಿಸಿಯಾನು. ವಿಜಯನಗರವು ೧೫೬೫ರ ಯುದ್ಧದಲ್ಲಿ ಸೋತದ್ದೇಕೆಂದರೆ ಅಲ್ಲಿಯೂ ದ್ರೋಹ. ಚಿತ್ರದುರ್ಗವು ೧೭೭೯ರಲ್ಲಿ ಹೈದರನ ವಶವಾದದ್ದೇಕೆಂದರೆ ಪುನಃ ದ್ರೋಹ. ಒಂದೇ ಕಷಾಯದಿಂದ ಸಕಲ ರೋಗಗಳನ್ನೂ ವಾಸಿಮಾಡುವ ಸಂತೆಯ ವೈದ್ಯನಂತೆ, ನಮ್ಮ ಇತಿಹಾಸಜ್ಞಾನವು ಒಂದೇ ಶಬ್ದದಿಂದ ಸಕಲ ಪರಾಜಯಗಳಿಗೂ ಕಾರಣವನ್ನು ಹೇಳಿಬಿಡುತ್ತದೆ.

ದ್ರೋಹಿಗಳನ್ನು ದೋಷಮುಕ್ತರನ್ನಾಗಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ದ್ರೋಹವೆಂಬುದು ಲೋಕದಲ್ಲಿಲ್ಲವೆನ್ನುವಷ್ಟು ಮುಗ್ಧತೆ ಈ ವಯಸ್ಸಿನಲ್ಲಿ ನನಗೆ ಉಳಿದಿಲ್ಲ. ಯುದ್ಧದ ಜಯಾಪಜಯಗಳನ್ನು ಕತ್ತಿ, ದ್ರೋಹ ಎಂಬ ಎರಡು ಮಾತುಗಳಲ್ಲಿ ಮುಗಿಸಿ, ಹುಲ್ಲು, ದವಸ, ಎತ್ತು, ಮಳೆ ಇವುಗಳ ಹೆಸರನ್ನೇ ಹೇಳದಿರುವ ಇತಿಹಾಸವು ಹರಿಕಥೆಯೇ ಹೊರತು ಇತಿಹಾಸವಲ್ಲ ಎಂಬುದಷ್ಟೇ ನನ್ನ ವಾದ. ಹರಿಕಥೆಗೆ ಅದರದೇ ಆದ ಸ್ಥಾನವುಂಟು. ಆದರೆ ಹರಿದಾಸರು ತಮ್ಮ ಕಥೆಯನ್ನು ಪರೀಕ್ಷೆಯ ಪ್ರಶ್ನಪತ್ರಿಕೆಗೆ ಇಡುವುದಿಲ್ಲ.

ಮೊನ್ನೆ ನಮ್ಮ ಸಂಘದ ಗೋಷ್ಠಿಯಲ್ಲಿ ಈ ಮಾತು ಬಂದಾಗ ಮಾನ್ಯ ಸದಸ್ಯರೊಬ್ಬರು, ಯುದ್ಧಶಾಸ್ತ್ರವು ಸೈನಿಕರ ಸ್ವತ್ತು, ಸಾಹಿತ್ಯಾಭಿಮಾನಿಗಳಿಗೆ ಯುದ್ಧದಿಂದ ವೀರರಸವೊಂದು ದೊರೆತರೆ ಸಾಕು, ದನದ ಮೇವಿನ ಲೆಕ್ಕ ನಮಗೇಕೆ ಎಂದು ಕೇಳಿದರು. ಸಭೆಯು ನಕ್ಕಿತು. ಉತ್ತರ ಕೊಡಲು ಅಲ್ಲಿ ಕಾಲಾವಕಾಶವಿರಲಿಲ್ಲವಾದ್ದರಿಂದ ಇಲ್ಲಿ ಕೊಡುತ್ತಿದ್ದೇನೆ.

೧೭೯೧ನೆಯ ಇಸವಿಯನ್ನು ತೆಗೆದುಕೊಳ್ಳೋಣ. ಮಾರ್ಚಿ ೨೧ರಂದು ಬೆಂಗಳೂರಿನ ಕೋಟೆಯು ಕಾರ್ನ್‌ವಾಲಿಸನ ಕೈಸೇರಿತು. ಮೇ ತಿಂಗಳ ಮೊದಲಲ್ಲಿ ಅವನು ಶ್ರೀರಂಗಪಟ್ಟಣದ ಕಡೆಗೆ ದಂಡೆತ್ತಿ ಹೊರಟನು. ಚನ್ನಪಟ್ಟಣದ ಹೆದ್ದಾರಿಯುದ್ದಕ್ಕೂ ಟಿಪ್ಪು ಸುಲ್ತಾನನು ಮೇವು ದವಸಗಳನ್ನು ಸುಡಿಸಿದ್ದುದರಿಂದ, ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ದಾರಿಯನ್ನು ಹಿಡಿದನು. ಅಲ್ಲಿಯೂ ಸುಲ್ತಾನನ ಕುದುರೆಯವರು ಮುಂದೆ ಮುಂದೆ ಹೋಗುತ್ತ ಊರುಗಳನ್ನು ಬರಿದುಮಾಡಿದರು. ಮೇ ೧೫ರಂದು ನಮ್ಮ ಅರಕೆರೆಯ ಬಳಿ ಕದನವಾಯಿತು. ಗೆದ್ದವನು ಕಾರ್ನ್‌ವಾಲಿಸನೇ; ಸುಲ್ತಾನನ ಸೈನ್ಯವು ದ್ವೀಪದ ಕೋಟೆಯ ಆಸರೆಗೆ ಹಿಂದೆಗೆಯಿತು. ರಾಜಧಾನಿಯು ಕಣ್ಣಿಗೆ ಕಾಣುತ್ತಿದೆ. ಕೋಟೆಯನ್ನು ಒಡೆಯುವ ದೊಡ್ಡ ಫಿರಂಗಿಗಳು ಜತೆಯಲ್ಲಿವೆ. ಬಯಲಿನ ಕದನದಲ್ಲಿ ಜಯವೂ ದೊರೆತಿದೆ. ವೀರರಸದ ಲೆಕ್ಕದಲ್ಲಿ ಶ್ರೀರಂಗಪಟ್ಟಣವು ಆ ವಾರವೇ ಬೀಳಬೇಕಾಗಿತ್ತು.

ಬೀಳಲಿಲ್ಲ. ಫಿರಂಗಿಗಳನ್ನು ಎಳೆಯತಕ್ಕ ಎತ್ತುಗಳು ಸತ್ತುಹೋಗಿದ್ದವು. ಮಳೆ ಹಿಡಿದಿತ್ತು, ಮೇವಿಲ್ಲದೆ ಬಡಕಲಾಗಿದ್ದ ದನಗಳಿಗೆ ಜಾಡ್ಯವೂ ತಗಲಿತು. ಮಲೆಯಾಳದಿಂದ ಕೊಡಗಿನ ಮಾರ್ಗವಾಗಿ ಪಿರಿಯಾಪಟ್ಟಣಕ್ಕೆ ಬಂದಿದ್ದ ಅಬರ್‌ಕ್ರಾಂಬಿಯ ದಂಡನ್ನು ಕೂಡಿಕೊಳ್ಳಬೇಕೆಂದು ಕನ್ನಂಬಾಡಿಯ ಕಡೆಗೆ ಹೊರಟಾಗ, ಸಿಪಾಯಿಗಳು ಫಿರಂಗಿಯ ಗಾಡಿಗಳಿಗೆ ತಾವೇ ಹೆಗಲು ಕೊಟ್ಟು ಕೆಸರಿನಲ್ಲಿ ಎಳೆದರು. ಮನುಷ್ಯನು ಎತ್ತಿನ ಕೆಲಸವನ್ನು ಎಷ್ಟು ದಿನ ಮಾಡಿಯಾನು? ದಂಡಿನಲ್ಲಿ ಅಕ್ಕಿಯೂ ಮುಗಿಯುತ್ತ ಬಂದಿತು. ಮೇ ೨೨ರಂದು ಕಾರ್ನ್‌ವಾಲಿಸನು ಅಷ್ಟು ದೂರ ತಂದಿದ್ದ ಕೋಟೆಮುರಿಯುವ ಫಿರಂಗಿಗಳನ್ನು ತನ್ನ ಕೈಯಿಂದಲೇ ಒಡೆಸಿ ಹಾಕಿ, ಬೆಂಗಳೂರಿನ ಕಡೆಗೆ ಮುಖ ತಿರುಗಿಸಿದನು. ಅಬರ್‌ಕ್ರಾಂಬಿಯೂ ಬಂದ ದಾರಿಯಲ್ಲಿ ಘಟ್ಟವಿಳಿದನು.

ಹಿಮ್ಮೆಟ್ಟುವ ದಾರಿಯ ಮೊದಲ ದಿನವೇ ಎದುರಿಗೆ ಕುದುರೆಯ ದಂಡೊಂದು ಕಾಣಿಸಿತು. ಶತ್ರುವೆಂದು ಭಾವಿಸಿ ಇಂಗ್ಲಿಷರು ಅಣಿಯಾದರೆ, ಬಂದವರು ಮಿತ್ರರಾದ ಮರಾಠರು! ಪರಶುರಾಮ ಭಾವು, ಹರಿಪಂತ ಫಡಕೆ ಇವರ ಸೈನ್ಯಗಳು. ಅವುಗಳ ಬೆನ್ನಿಗೆ ಸಮಸ್ತ ಪದಾರ್ಥಗಳಿಂದ ತುಂಬಿದ ಬಜಾರು. ಅವರು ಬರುತ್ತಿರುವ ಸುದ್ದಿಯ ಒಂದು ಓಲೆಯನ್ನೂ ಸುಲ್ತಾನನ ಲಘುಸೈನ್ಯದವರು ಇಂಗ್ಲಿಷರಿಗೆ ತಲಪಗೊಟ್ಟಿರಲಿಲ್ಲ. ಸೈನಿಕಕೌಶಲದಲ್ಲಿ ಇದಕ್ಕಿಂತ ಮೆಚ್ಚತಕ್ಕ ಕೆಲಸ ಯಾವುದಿದೆ? ನಮ್ಮ ಲಾವಣಿಗಳಲ್ಲಿ ಇದಕ್ಕೆ ಒಂದು ಸಾಲಾದರೂ ಸ್ಥಳವುಂಟೆ? ನಾನಂತೂ ಕೇಳಿಲ್ಲ.

ಪೆಟ್ಟು ತಿಂದವನು ಪಾಠ ಕಲಿತನು. ಮುಂದಿನ ತಿಂಗಳುಗಳಲ್ಲಿ ಕಾರ್ನ್‌ವಾಲಿಸನು ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು ದಾರಿಗಳನ್ನು ಭದ್ರಪಡಿಸಿಕೊಂಡನು. ಹೇರೆತ್ತುಗಳ ಮೇಲೆ ದವಸವನ್ನು ತಂದು ಮಾರುವ ಬಂಜಾರರನ್ನು, ನಮ್ಮ ಕಡೆಯ ಮಾತಿನಲ್ಲಿ ಲಂಬಾಣಿಗಳನ್ನು, ತನ್ನ ಪಾಳೆಯಕ್ಕೆ ಒಲಿಸಿಕೊಂಡನು. ೧೭೯೨ರ ಫೆಬ್ರವರಿ ೬ರ ರಾತ್ರಿ ಅವನು ಪುನಃ ಶ್ರೀರಂಗಪಟ್ಟಣದ ಮುಂದೆ ಇದ್ದನು. ಮಾರ್ಚಿಯ ಕೌಲಿನಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿದ್ದಿತು, ಇಬ್ಬರು ಮಕ್ಕಳು ಒತ್ತೆಯಾಗಿ ಹೋದರು. ೧೭೯೯ರಲ್ಲಿ ಹೋದದ್ದು ಉಳಿದ ಅರ್ಧ. ಬಾಲಕನಿಗೆ ಗೊತ್ತಿರುವುದು ಆ ಉಳಿದ ಅರ್ಧದ ಕಥೆ ಮಾತ್ರ.

ಅದನ್ನೂ ನೋಡಿಬಿಡೋಣ. ಹ್ಯಾರಿಸನ ದಂಡು ಮಾರ್ಚಿ ೨೭ರಂದು ಮಳವಳ್ಳಿಯಲ್ಲಿ ಕಾದಿ, ಅರಕೆರೆಯ ಹಳೆಯ ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ಹೊರಳಿ ಸೋಸಲೆಯಲ್ಲಿ ಕಾವೇರಿಯನ್ನು ದಾಟಿತು. ಸುಲ್ತಾನನು ಬೆಂಕಿಯಿಡಿಸಿದ್ದು ಹಳೆಯ ದಾರಿಗೆ. ಸೋಸಲೆಯ ಕಡೆ ಹುಲ್ಲೂ ದನಗಳೂ ದವಸವೂ ಹಾಗೆಯೇ ಉಳಿದಿದ್ದವು. ಏಪ್ರಿಲ್ ೫ರಂದು ಪಟ್ಟಣದ ಮುಂದೆ ಬೀಡುಬಿಟ್ಟಾಗ ದೊಡ್ಡ ಫಿರಂಗಿಗಳು ಜತೆಯಲ್ಲಿ ಬಂದು ತಲಪಿದ್ದವು. ಹಾಗಿದ್ದೂ ತಿಂಗಳ ನಡುವೆ ದಂಡಿನ ಅಕ್ಕಿಯನ್ನು ಅಳೆಸಿ ನೋಡಿದರೆ, ಅರ್ಧ ಪಡಿಯಂತೆ ಕೊಟ್ಟರೂ ಹೆಚ್ಚು ದಿನ ಬಾರದೆಂದು ತಿಳಿದುಬಂದಿತು. ಮುಂಗಾರು ಹಿಡಿದು ಕಾವೇರಿಯು ತುಂಬಿದರೆ ದ್ವೀಪವನ್ನು ಮುಟ್ಟುವಂತಿಲ್ಲ. ಹಸಿವು ಒಂದು ಕಡೆ, ಹೊಳೆ ಒಂದು ಕಡೆ. ಈ ಎರಡರ ನಡುವೆ ಸಿಕ್ಕಿದ ಇಷ್ಟೇ ಇಷ್ಟು ಕಾಲದಲ್ಲಿ, ಮೇ ೪ರ ಮಧ್ಯಾಹ್ನ, ಗೋಡೆಯ ಕಂಡಿಯ ಮೂಲಕ ಸಿಪಾಯಿಗಳು ಒಳನುಗ್ಗಿದರು.

ಕಂಡಿಯನ್ನು ಕಾಯುತ್ತಿದ್ದವರನ್ನು ಸಂಬಳದ ನೆಪದಿಂದ ಮೀರ್ ಸಾದಿಕನು ಕರೆದೊಯ್ದನೆಂದು ಹೇಳುವುದುಂಟು. ಹಾಗೆಯೇ ಇರಲಿ, ಒಪ್ಪಿದೆನು. ಆ ಕಂಡಿಯನ್ನು ಮಾಡಿದ್ದು ಯಾವುದು? ಫಿರಂಗಿ. ಫಿರಂಗಿಯನ್ನು ತಂದದ್ದು? ಎತ್ತು. ಎತ್ತಿಗೆ ಜೀವ ಹಿಡಿಸಿದ್ದು? ಹುಲ್ಲು. ತರ್ಕವನ್ನು ಓದಿದ ಮಿತ್ರರು ಇಲ್ಲಿ ನನ್ನನ್ನು ತಡೆದು, ಕುಂಬಾರನ ಕತ್ತೆಯನ್ನು ನೆನಪಿಗೆ ತರಬಹುದು. ಮಣ್ಣನ್ನು ಹೊತ್ತು ತಂದ ಕತ್ತೆಯು ಗಡಿಗೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧವೆಂದು ನೈಯಾಯಿಕರು ತಳ್ಳಿಹಾಕಿರುವರಷ್ಟೆ. ಎತ್ತೂ ಹಾಗೆಯೇ ಏಕಾಗಬಾರದು? ಆಗಬಾರದು, ಸ್ವಾಮಿ. ಕತ್ತೆಯಿಲ್ಲದಿದ್ದರೂ ಗಡಿಗೆಯಾಗುತ್ತದೆ, ಬುಟ್ಟಿಯಲ್ಲಿ ಮಣ್ಣು ತಂದರೆ ಆಯಿತು. ಎತ್ತಿಲ್ಲದಿದ್ದಾಗ ಕಂಡಿಯಾಗಲಿಲ್ಲ, ಸಿಪಾಯಿಗಳ ಹೆಗಲು ಸಾಲಲಿಲ್ಲ. ಎತ್ತಿದ್ದಾಗ ಪಟ್ಟಣವು ಬಿದ್ದಿತೆಂಬ ಅನ್ವಯಕ್ಕೆ ೧೭೯೯ ಉದಾಹರಣೆ, ಇಲ್ಲದಾಗ ಬೀಳಲಿಲ್ಲವೆಂಬ ವ್ಯತಿರೇಕಕ್ಕೆ ೧೭೯೧. ಅದೇ ಕೋಟೆ, ಅದೇ ಸುಲ್ತಾನ, ಅದೇ ಶತ್ರು. ಇದಕ್ಕಿಂತ ಶುದ್ಧವಾದ ದೃಷ್ಟಾಂತವನ್ನು ಯಾವ ತಾರ್ಕಿಕನೂ ಬಯಸಲಾರನು.

ಇದೆಲ್ಲ ಪಾಶ್ಚಾತ್ಯರಿಂದ ಕಡ ತಂದ ದೃಷ್ಟಿಯೆಂದು ಆಕ್ಷೇಪಿಸುವವರೂ ಇದ್ದಾರೆ. ಅವರು ದಯಮಾಡಿ ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವನ್ನು ತೆರೆಯಬೇಕು. ಆ ಗ್ರಂಥದ ಓಲೆಯ ಪ್ರತಿಯು ೧೯೦೫ರಲ್ಲಿ ದೊರೆತದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಗೆ. ೧೯೦೯ರಲ್ಲಿ ಅದನ್ನು ಅಚ್ಚಿಗೆ ತಂದವರು ನಮ್ಮವರೇ ಆದ ಶಾಮಶಾಸ್ತ್ರಿಗಳು. ದಂಡಯಾತ್ರೆಗೆ ಹೊರಡುವ ರಾಜನು ದಾರಿಯ ಊರು ಕಾಡುಗಳಲ್ಲಿ ಹುಲ್ಲು, ಸೌದೆ, ನೀರು ಎಷ್ಟೆಷ್ಟಿದೆಯೆಂದು ಎಣಿಸಿ ಬೀಡುಗಳನ್ನು ಗೊತ್ತುಮಾಡಬೇಕೆಂದೂ, ಬೇಕಾದುದರ ಇಮ್ಮಡಿ ಆಹಾರಸಾಮಗ್ರಿಯನ್ನು ಹೊರಿಸಬೇಕೆಂದೂ ಅಲ್ಲಿ ವಿಧಿಸಿದೆ. ಶಸ್ತ್ರ, ಔಷಧ, ಎಣ್ಣೆ, ಬಟ್ಟೆಗಳೊಡನೆ ಚಿಕಿತ್ಸಕರೂ, ಅನ್ನಪಾನಗಳೊಡನೆ ಹೆಂಗಸರೂ ಸೈನ್ಯದ ಬೆನ್ನಿಗೆ ಇರಬೇಕಂತೆ. ದಾರಿ, ಸೇತುವೆ, ಬಾವಿ, ಹೊಳೆಯ ಕಡವುಗಳನ್ನು ಸರಿಪಡಿಸುವ, ಯಂತ್ರಾಯುಧಗಳನ್ನೂ ದವಸವನ್ನೂ ಹೊರುವ, ಗಾಯಗೊಂಡವರನ್ನು ರಣದಿಂದ ಎತ್ತಿ ತರುವ ಆಳುಗಳಿಗೆ ಅವನು ಕೊಟ್ಟ ಹೆಸರು ವಿಷ್ಟಿ. ನಮ್ಮ ಹಳ್ಳಿಗಳ ‘ಬಿಟ್ಟಿ’ ಆ ಶಬ್ದದ ತದ್ಭವ. ಶಾಸ್ತ್ರದಲ್ಲಿ ಆತನಿಗೊಂದು ಪ್ರಕರಣದಲ್ಲಿ ಸ್ಥಾನವಿತ್ತು. ನಮ್ಮ ಬಾಯಲ್ಲಿ ಅವನ ಹೆಸರು ಬೆಲೆಯಿಲ್ಲದ್ದು ಎಂಬ ಅರ್ಥಕ್ಕೆ ಇಳಿದಿದೆ. ಪಾಠಪುಸ್ತಕವಂತೂ ಅವನನ್ನು ಹೆಸರಿಸುವುದೇ ಇಲ್ಲ.

ಈ ಮೌನದಿಂದ ಆಗುವ ಕೇಡು ಸಾಮಾನ್ಯವಾದುದಲ್ಲ. ಸೋಲಿಗೆ ದ್ರೋಹವೊಂದೇ ಕಾರಣವೆಂದು ಕಲಿತ ಬಾಲಕನು, ನಾಳೆ ನಾಡಿಗೆ ಯಾವ ಸೋಲು ಬಂದರೂ ಉಗ್ರಾಣವನ್ನು ನೋಡುವುದಿಲ್ಲ, ರಸ್ತೆಯನ್ನು ನೋಡುವುದಿಲ್ಲ. ನೆರೆಮನೆಯವನ ಮುಖವನ್ನು ನೋಡುತ್ತಾನೆ, ಅವನ ಜಾತಿ ಮತಗಳನ್ನು ವಿಚಾರಿಸುತ್ತಾನೆ. ಗೆಲವಿಗೆ ಶೌರ್ಯವೊಂದೇ ಕಾರಣವೆಂದು ಕಲಿತವನು ಯುದ್ಧವೆಂದೊಡನೆ ಚಪ್ಪಾಳೆ ತಟ್ಟುತ್ತಾನೆ. ಅದರ ಬೆಲೆಯನ್ನು ಯಾರ ಕಣಜದಿಂದ ತೆರಬೇಕೆಂದು ಕೇಳುವುದಿಲ್ಲ.

೧೭೯೧ರ ಆ ಬೆಂಕಿಯು ಯಾರ ಮನೆಗೆ ಬಿದ್ದಿತು? ಇಂಗ್ಲಿಷರಿಗೆ ಪ್ರಯೋಜನವಾಗಬಾರದೆಂದು ಕಾನಕಾನಹಳ್ಳಿಯನ್ನು ಎರಡು ಸಾರಿ ಹಾಳುಮಾಡಿಸಿದರೆಂದು ಮೈಸೂರಿನ ಗ್ಯಾಸೆಟಿಯರ್ ಬರೆದಿದೆ. ಯುಕ್ತಿಯು ಫಲಿಸಿತು, ರಾಜಧಾನಿಯು ಒಂದು ವರ್ಷ ಉಳಿಯಿತು, ಸುಲ್ತಾನನ ಸೈನಿಕಬುದ್ಧಿಗೆ ನಾನು ತಲೆದೂಗುತ್ತೇನೆ. ಮೇವನ್ನು ಸುಟ್ಟ ಮೇಲೆ ಆ ವರ್ಷದ ಮುಂಗಾರಿನಲ್ಲಿ ಆ ಊರಿನ ರೈತನು ಯಾವ ಎತ್ತಿನಿಂದ ಉತ್ತನೆಂಬ ಪ್ರಶ್ನೆಯನ್ನು ಸುಲ್ತಾನನ ಸ್ತುತಿಪಾಠಕರೂ ಕೇಳಿಲ್ಲ, ನಿಂದಕರೂ ಕೇಳಿಲ್ಲ. ಈಚೆಗೆ ಈ ಎರಡು ಪಂಗಡಗಳ ಜಗಳದಿಂದ ಪತ್ರಿಕೆಗಳು ತುಂಬಿಹೋಗುತ್ತಿವೆ. ಇಬ್ಬರ ಜಗಳದಲ್ಲಿಯೂ ರೈತನ ಸುಳಿವಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ನ್ಯಾಯವಂತರಾಗಿದ್ದರು. ತುರುಗೋಳಿನಲ್ಲಿ ಹೋರಾಡಿ, ಕದ್ದೊಯ್ದ ದನಗಳನ್ನು ಮರಳಿ ತರುವಾಗ ಸತ್ತ ಹಳ್ಳಿಯವರಿಗೆ ಅವರು ವೀರಗಲ್ಲು ನೆಟ್ಟರು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಹಿಂಡನ್ನೂ ಎಷ್ಟೋ ಕಡೆ ಕೊರೆದಿದ್ದಾರೆ. ವಿರಾಟಪರ್ವದ ಯುದ್ಧವೂ ಗೋಗ್ರಹಣದಿಂದಲೇ ಆರಂಭವಾದುದು. ದನವಿಲ್ಲದೆ ದಂಡಿಲ್ಲವೆಂಬುದನ್ನು ಚಿಕ್ಕದೇವರಾಜ ಒಡೆಯರೂ ಬಲ್ಲರು, ಹೈದರನೂ ಬಲ್ಲನು. ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೈದರನು ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಆ ಎತ್ತುಗಳ ಬಲದಿಂದಲೆಂದು ಅದೇ ಗ್ಯಾಸೆಟಿಯರ್ ಹೇಳುತ್ತದೆ. ಇಂಗ್ಲಿಷರು ೧೭೯೯ರ ಬಳಿಕ ಆ ಹಿಂಡುಗಳನ್ನು ಉದಾಸೀನ ಮಾಡಿ, ಅವು ಕ್ಷೀಣಿಸಿದ್ದನ್ನು ಕಂಡು, ೧೮೧೩ರಲ್ಲಿ ತಮ್ಮ ಅಧಿಕಾರಿಯನ್ನೇ ಮೇಲ್ವಿಚಾರಣೆಗೆ ನೇಮಿಸಿದರು. ಆ ತಳಿಯನ್ನು ಈಗಲೂ ಅಜ್ಜಂಪುರದಲ್ಲಿ ಸಾಕುತ್ತಿದ್ದಾರೆ. ಅವು ಮೇಯುತ್ತಿದ್ದ ಕಾವಲುಗಳು ಮಾತ್ರ ಕರಗುತ್ತ ಬಂದಿವೆ. ಚಳ್ಳಕೆರೆಯ ಬಳಿಯ ಕಾವಲಿನ ಸಾವಿರಾರು ಎಕರೆಗಳು ಈ ಶತಮಾನದಲ್ಲಿ ರಕ್ಷಣಾ ಸಂಶೋಧನೆಯೇ ಮೊದಲಾದ ಸಂಸ್ಥೆಗಳ ಪಾಲಾದವು. ಯುದ್ಧದ ಎತ್ತಿನ ಹುಲ್ಲುಗಾವಲು ಯುದ್ಧದ ಯಂತ್ರಕ್ಕೆ ಹೋಯಿತೆಂದರೆ ಒಂದು ಬಗೆಯ ವಂಶಪಾರಂಪರ್ಯವೆಂದೇ ಹೇಳಬೇಕು. ಕುರಿ ಕಾಯುವವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗದು.

ನಮ್ಮ ಸಂಘವು ಬರುವ ವರ್ಷ ಜಿಲ್ಲೆಯ ಇತಿಹಾಸವನ್ನು ಬರೆಯಿಸಬೇಕೆಂದು ನಿಶ್ಚಯಿಸಿದೆ. ಯುದ್ಧದ ಅಧ್ಯಾಯಗಳನ್ನು ಹೊಸದಾಗಿ ಬರೆಯುವುದಾದರೆ, ಅರಕೆರೆ, ಮಳವಳ್ಳಿಗಳ ಕದನಗಳಿಗೆ ಒಂದೊಂದು ಪುಟ ಸಾಕು. ಆ ದಂಡುಗಳು ಹಾದುಹೋದ ಊರುಗಳಿಗೆ ಉಳಿದ ಪುಟಗಳನ್ನು ಕೊಡಲಿ. ಹಿಂದೆ ಶಾನುಭೋಗಿಕೆ ನಡೆಸಿದ ಮನೆತನಗಳ ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಡತಗಳು ಈಗಲೂ ಇರುವುದುಂಟು. ಬಳಪದ ಅಕ್ಷರವಾದ್ದರಿಂದ ಒದ್ದೆ ಬಟ್ಟೆಯಿಂದ ಒರಸಿದರೆ ಅಳಿಸಿಹೋಗುತ್ತದೆ. ಹಬ್ಬದ ಸುಣ್ಣಬಣ್ಣದ ಸಮಯದಲ್ಲಿ ಎಷ್ಟೋ ಹಾಗೆ ಅಳಿದುಹೋಗಿವೆ. ಮನೆಯಲ್ಲಿ ಅಂಥವು ಇದ್ದರೆ ಧೂಳನ್ನು ಒಣಗಿದ ಬಟ್ಟೆಯಿಂದ ಮೆಲ್ಲನೆ ಕೊಡವಿ, ದಂಡಿಗೆ ಕೊಟ್ಟ ಎತ್ತು, ಹುಲ್ಲು, ದವಸ, ಬಿಟ್ಟಿ ಆಳುಗಳ ಲೆಕ್ಕವೇನಾದರೂ ಕಂಡುಬಂದಲ್ಲಿ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಮೋಡಿ ಅಕ್ಷರವನ್ನು ಓದಿ ಕೊಡಲು ನಾನು ಸಿದ್ಧನಿದ್ದೇನೆ.